ಡಬಲ್ ಸ್ಪೀಡಿನಲ್ಲಿ ಅಮ್ಮ

ಆ ಮನೆಯಲ್ಲಿ ಉಪ್ಪು ಮುಗಿದರೂ ಮೆಸೇಜು, ನಲ್ಲಿ ಸೋರಿದರೂ ಮೆಸೇಜು. ಸ್ನಾನಕ್ಕೆ ಹೋದವರು ಬೇಗ ಹೊರಗೆ ಬರಲಿ ಎಂದು ಬಾಗಿಲು ತಟ್ಟುವ ಅಭ್ಯಾಸವೂ ತಪ್ಪಿಹೋಗಿತ್ತು. ಹೊರಗೆ ಕಾಯುತ್ತ ನಿಂತವರು ಫೋನಿನಲ್ಲಿ ಎರಡು ಅಕ್ಷರ ಒತ್ತುತ್ತಿದ್ದರು, ಒಳಗಿದ್ದವರು ಒದ್ದೆ ಕೈಯಲ್ಲೇ ಅದನ್ನು ನೋಡುತ್ತಿದ್ದರು. ‘ಮನೆ’ ಎಂಬ ಹೆಸರಿನ ಗುಂಪಿನಲ್ಲಿ ನಾಲ್ಕು ಜನ. ಅಪ್ಪ, ಅಮ್ಮ, ಮಗಳು, ಮಗ. ಐದನೆಯವರು ಅಜ್ಜಿ, ಅಪ್ಪನ ತಾಯಿ. ಅವರಿಗೆ ಫೋನಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ತಾಗಿಕೊಂಡೇ ಇದ್ದ ಮಂಚದ ಮೇಲೆ ಇಡೀ ದಿನ ಕೂತು, ಯಾರ ಫೋನು ಕುಂಯ್ ಅಂದರೂ ‘ಯಾರಿಗೆ ಏನಾಯ್ತಪ್ಪ’ ಎಂದು ಕೇಳುವುದು, ಯಾರೂ ಉತ್ತರ ಕೊಡದಿದ್ದರೆ ಸುಮ್ಮನಾಗುವುದು ಅವರ ಪಾಲಿಗೆ ಬಂದಿತ್ತು.

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಊರಿನ ಅರ್ಧ ಕಟ್ಟಡಗಳ ಲಿಫ್ಟಿನೊಳಗೆ ಅವರ ನಂಬರು ಅಂಟಿಸಿತ್ತು. ಮಹಡಿ ಮಧ್ಯೆ ಸಿಕ್ಕಿಬಿದ್ದವರು ಫೋನು ಮಾಡಿದರೆ, ತಾನು ಅಲ್ಲಿಗೆ ಹೋಗಿ ತಲುಪುವವರೆಗೂ ಅವರನ್ನು ಮಾತಾಡಿಸುತ್ತಲೇ ಇರುತ್ತಿದ್ದರು. ಹೆದರಬೇಡಿ, ಗಾಳಿ ಬರುತ್ತೆ, ಮಕ್ಕಳೆಷ್ಟು, ಯಾವ ಮನೆ, ಊಟ ಆಯಿತೇ. ಈ ತಾಳ್ಮೆಗಾಗಿ ಕಂಪನಿಯವರು ಅವರಿಗೆ ಒಮ್ಮೆ ಗೋಡೆ ಗಡಿಯಾರ ಕೊಟ್ಟಿದ್ದರು. ಮನೆಯ ಗುಂಪಿನಲ್ಲಿ ಮಾತ್ರ ಅವರು ಓಕೆ ಎನ್ನುವುದಕ್ಕಿಂತ ಉದ್ದದ ಮಾತನ್ನು ಆಡಿದ್ದು ಯಾರಿಗೂ ನೆನಪಿಲ್ಲ. ಮಗಳು ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕೂರುವವಳು. ನಾಳೆ ನಿಮ್ಮ ಹಲ್ಲಿನ ಸರದಿ ಎಂದು ಊರಿಗೆಲ್ಲ ಮೆಸೇಜು ಕಳಿಸುವುದೇ ಅವಳ ಕೆಲಸ. ಮಗ ಬೈಕಿನಲ್ಲಿ ಡಬ್ಬಿ ಪೊಟ್ಟಣ ತಲುಪಿಸುವವನು. ಮನೆಗೆ ಬಂದರೆ ತಟ್ಟೆಗೆ ಬಡಿಸಿಕೊಂಡು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದುದರಿಂದ ಅಜ್ಜಿ ಅವನಿಗೆ ಪಾರ್ಸಲ್ ಎಂದು ಹೆಸರಿಟ್ಟಿದ್ದರು. ಈಗ ಬೀದಿಯವರೂ ಹಾಗೇ ಕರೆಯುತ್ತಾರೆ.

ಅಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮಧ್ಯಾಹ್ನದ ಪಾಳಿ. ರಕ್ತ, ಔಷಧಿ, ವಾಂತಿ ಹತ್ತಿದ ಹಾಸಿಗೆ ಬಟ್ಟೆಗಳನ್ನು ಬ್ಲೀಚಿನ ನೀರಿನಲ್ಲಿ ಅದ್ದಿ ಯಂತ್ರಕ್ಕೆ ತುಂಬುವುದು, ಬಿಸಿಯಾಗಿರುವಾಗಲೇ ಎಳೆದು ತೆಗೆಯುವುದು. ಕೊಟ್ಟ ಕೈಗವಸು ವಾರದೊಳಗೆ ತೂತು ಬೀಳುತ್ತಿತ್ತು, ಹೊಸದು ಬರಲು ತಿಂಗಳಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಬೆರಳ ತುದಿಗಳು ಸವೆದು, ಒಣಗಿ, ಬಿರುಕು ಬಿಟ್ಟಿದ್ದವು. ಫೋನಿನ ಗಾಜು ಆ ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ. ಮೂರು ಸಲ ಒತ್ತಿದರೆ ಒಂದಕ್ಷರ ಬೀಳುತ್ತಿತ್ತು, ಅದೂ ಬೇರೆಯದೇ ಅಕ್ಷರ. ಹಾಗಾಗಿ ಆಕೆ ಟೈಪ್ ಮಾಡುವುದನ್ನು ಬಿಟ್ಟು, ಕಿರುಬೆರಳಿನ ಗೆಣ್ಣಿನಿಂದ ಮೈಕಿನ ಗುಂಡಿ ಒತ್ತಿ ಹಿಡಿದು ಮಾತಾಡಿ ಕಳಿಸುತ್ತಿದ್ದರು. ಬಸ್‌ಸ್ಟಾಪಿನಿಂದ ಆಸ್ಪತ್ರೆಯ ಹಿಂದಿನ ಗೇಟಿನವರೆಗಿನ ದಾರಿಯೇ ಆಕೆಗೆ ಸಿಕ್ಕುವ ಪುರುಸೊತ್ತು. ಒಳಗೆ ಹೋದ ಮೇಲೆ ಫೋನು ಬೀರುವಿನಲ್ಲಿ, ಕಿವಿ ಯಂತ್ರದ ಗದ್ದಲದಲ್ಲಿ.

ಆ ಬುಧವಾರ ಆ ದಾರಿಯಲ್ಲಿ ಅಮ್ಮ ಬಹಳ ಹೊತ್ತು ಮಾತಾಡಿದರು. ಲಾಂಡ್ರಿಯಲ್ಲಿ ಒಗೆದ ಬಟ್ಟೆ ಎಣಿಸಿ ವಾರ್ಡುಗಳಿಗೆ ಕಳಿಸುವ ಕೋಣೆಯ ಮೇಲ್ವಿಚಾರಣೆ ಆಕೆಗೆ ಬಂದಿತ್ತು. ನೀರಿಲ್ಲ, ಬ್ಲೀಚಿಲ್ಲ, ಕುರ್ಚಿ ಮೇಜು ಉಂಟು. ಆದರೆ ಬೆಳಗಿನ ಐದು ಗಂಟೆಗೇ ಹಾಜರಿರಬೇಕು. ಚರ್ಮದ ಡಾಕ್ಟರು ಕೈ ನೋಡಿ, ಇನ್ನೊಂದು ವರ್ಷ ಬ್ಲೀಚಿನಲ್ಲೇ ಇದ್ದರೆ ಈ ಬೆರಳು ಮತ್ತೆ ಸರಿಹೋಗುವುದಿಲ್ಲ ಎಂದಿದ್ದರು. ಇದನ್ನೆಲ್ಲ ಹೇಳಿ, ಬೆಳಗಿನ ಅಡುಗೆ ಯಾರು, ಅಜ್ಜಿಯ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಯಾರು ಕೊಡಬೇಕು ಎಂದು ಕೆಲಸ ಹಂಚಿ, ಬೇಡವೆನ್ನಿಸಿದವರು ಶುಕ್ರವಾರದೊಳಗೆ ಹೇಳಿ ಎಂದು ಮುಗಿಸಿದರು.

ಚಹಾದ ಹೊತ್ತಿಗೆ ಬೀರು ತೆಗೆದು ನೋಡಿದರೆ ಮೂರು ಉತ್ತರ ಬಂದಿತ್ತು. ಅಪ್ಪನದು ಓಕೆ. ಪಾರ್ಸಲ್ಲಿನದು ಹೂಂ. ಮಗಳದು ‘ಸರಿ ಅಮ್ಮಾ’, ಪಕ್ಕದಲ್ಲಿ ಒಂದು ಕೆಂಪು ಹೃದಯ.

ಅಮ್ಮನಿಗೆ ಅಲ್ಲೇ ಕಣ್ಣು ತುಂಬಿತು. ಇಷ್ಟು ಸಲೀಸಾಗಿ ಒಪ್ಪುತ್ತಾರೆ ಎಂದುಕೊಂಡಿರಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ಹೋಗಿ ಒಪ್ಪಿಗೆ ಹೇಳಿ, ಮನೆಗೆ ಒಣದ್ರಾಕ್ಷಿ ಹಾಕಿದ ಬ್ರೆಡ್ ತಂದರು. ಎಲ್ಲರೂ ತಿಂದರು. ಯಾಕೆ ತಂದೆ ಎಂದು ಯಾರೂ ಕೇಳಲಿಲ್ಲ. ಬಾಯಲ್ಲಿ ಹೊಗಳುವ ಜಾಯಮಾನ ಈ ಮನೆಯವರದಲ್ಲ ಎಂದು ಆಕೆ ಅದಕ್ಕೂ ಒಂದು ಒಳ್ಳೆಯ ಅರ್ಥ ಹಚ್ಚಿಕೊಂಡರು.

ಆ ಬುಧವಾರದ ಮಾತನ್ನು ಒಬ್ಬರೂ ಕೇಳಿಸಿಕೊಂಡಿರಲಿಲ್ಲ. ಅಪ್ಪ ಕೇಳಲು ಒತ್ತುವ ತ್ರಿಕೋನದ ಗುರುತನ್ನು ಮುಟ್ಟಿಯೇ ಇರಲಿಲ್ಲ. ಮಗಳು ಮೊದಲ ಹತ್ತು ಮಾತು ಕೇಳಿ, ಕೆಲಸದ ಸುದ್ದಿ ಬರುವ ಮೊದಲೇ, ಡಾಕ್ಟರು ಎಂಬಲ್ಲಿಗೆ, ಒಬ್ಬ ಹಲ್ಲುನೋವಿನವನು ಎದುರಿಗೆ ಬಂದು ನಿಂತದ್ದರಿಂದ ಬಿಟ್ಟಿದ್ದಳು. ಹೃದಯ ಕಳಿಸಲು ಮಾತ್ರ ಪುರುಸೊತ್ತು ಸಿಕ್ಕಿತ್ತು. ಪಾರ್ಸಲ್ ಹೆಲ್ಮೆಟ್ಟಿನೊಳಗೆ ಡಬಲ್ ಸ್ಪೀಡಿನಲ್ಲಿ ಹಾಕಿಕೊಂಡು ಟ್ರಕ್ಕೊಂದನ್ನು ಹಿಂದೆ ಹಾಕುತ್ತಿದ್ದ.

ಮುಂದಿನ ವಾರವೂ ಹಾಗೇ ಕಳೆಯಿತು. ಅಮ್ಮ ದಿನಕ್ಕೊಂದು ವಿವರ ಹೇಳಿ ಕಳಿಸುತ್ತಿದ್ದರು. ಅಕ್ಕಿಗೆ ನೀರೆಷ್ಟು, ಬೇಳೆ ಯಾವ ಡಬ್ಬಿಯಲ್ಲಿ, ಸೂಜಿಯನ್ನು ಯಾವ ಪೆಟ್ಟಿಗೆಗೆ ಎಸೆಯಬೇಕು. ಓಕೆ, ಹೂಂ, ಹೃದಯ.

ಕೆಲಸ ಶುರುವಾಗಲು ಎರಡು ದಿನ ಇರುವಾಗ, ಶನಿವಾರ, ಲಾಂಡ್ರಿಯ ಬಾಯ್ಲರ್ ಕೆಟ್ಟು ಎಲ್ಲರನ್ನೂ ಸಂಜೆಯೇ ಮನೆಗೆ ಕಳಿಸಿದರು. ಅಮ್ಮ ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಒಂದು ಕೀಚಲು ದನಿ ಕೇಳಿತು. ಉಸಿರು ಬಿಡದೆ ಪಟಪಟನೆ ಬಡಬಡಿಸುವ ದನಿ. ಅದರ ಮೇಲೆ ಇಬ್ಬರು ನಗುವ ಸದ್ದು.

“ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳೋ. ಮೊಟ್ಟೆ ಎಲ್ಲಿಟ್ಟಿದ್ದಾಳೆ ಅಂತ ಅಷ್ಟೇ ಬೇಕಾಗಿರೋದು,” ಎಂದಳು ಮಗಳು.

“ಇರೇ, ಈ ಜಾಗ ಕೇಳು, ಅಳಿಲು ಬೈದ ಹಾಗಿದೆ,” ಎಂದ ಪಾರ್ಸಲ್. ಮತ್ತೆ ಅದೇ ತುಣುಕು ಹಾಕಿದ. ಮತ್ತೆ ನಗು.

“ಅಯ್ಯೋ, ಯಾರದು ಆ ಹುಡುಗಿ, ಅಷ್ಟೊಂದು ಗೋಗರೀತಾಳೆ,” ಎಂದರು ಅಜ್ಜಿ ಮಂಚದಿಂದ.

ಅಮ್ಮ ಒಳಗೆ ಬಂದರು. ಕೈಯಲ್ಲಿನ ಚೀಲವನ್ನು ಕೆಳಗಿಡಲಿಲ್ಲ.

“ಅದು ನನ್ನ ದನಿನಾ?”

ಪಾರ್ಸಲ್ ಫೋನು ಮಗುಚಿದ. “ಎಲ್ಲರೂ ಹೀಗೇ ಕೇಳೋದಮ್ಮ. ಟೈಮ್ ಉಳಿಯುತ್ತೆ.”

“ಉಳಿಸಿದ ಟೈಮಲ್ಲಿ ಏನು ಮಾಡ್ತಿದ್ದೀಯ? ನಗ್ತಿದ್ದೀಯ.”

“ಅಮ್ಮಾ, ಸುಮ್ನೆ ತಮಾಷೆಗೆ,” ಎಂದಳು ಮಗಳು.

“ಆಯ್ತು. ಸೋಮವಾರ ಬೆಳಿಗ್ಗೆ ಅನ್ನಕ್ಕಿಡೋದು ನೀನು ತಾನೇ? ನೀರೆಷ್ಟು ಹಾಕ್ತೀಯ ಹೇಳು.”

“ಯಾಕೆ, ಸೋಮವಾರ ನೀನೆಲ್ಲಿ ಹೋಗ್ತೀಯ?”

ಅಮ್ಮ ಮಗಳ ಮುಖ ನೋಡಿದರು, ಆಮೇಲೆ ಮಗನ ಮುಖ. ಇಬ್ಬರಲ್ಲೂ ನಟನೆ ಇರಲಿಲ್ಲ. ನಟನೆ ಇದ್ದಿದ್ದರೆ ಚೆನ್ನಾಗಿತ್ತು. ಹತ್ತು ದಿನದಿಂದ ತಾನು ಗೋಡೆಗೆ ಮಾತಾಡಿದ್ದೆ ಎಂದು ಆಕೆಗೆ ಆಗ ಹೊಳೆಯಿತು, ಮೈಯೆಲ್ಲ ಉರಿದುಹೋಯಿತು.

ಅಪ್ಪ ಬರುವ ಹೊತ್ತಿಗೆ ಮನೆ ಕಾದ ಕಾವಲಿಯಂತಾಗಿತ್ತು. ಮಕ್ಕಳು ಸುದ್ದಿಯನ್ನು ಆಗಲೇ ಅವರಿಗೆ ಮೆಸೇಜು ಮಾಡಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ. ಅವರು ಸಲಕರಣೆಯ ಚೀಲ ಇಳಿಸುತ್ತಲೇ ಶುರು ಮಾಡಿದರು.

“ಬೆಳಗಿನ ಜಾವ ನಾಲ್ಕಕ್ಕೆ ಹೊರಡೋ ಕೆಲಸ ಒಪ್ಕೊಂಡು ಬಂದಿದ್ದೀಯಂತೆ. ನನ್ನನ್ನ ಒಂದು ಮಾತು ಕೇಳಿದ್ಯಾ?”

“ಕೇಳಿದೀನಿ. ನೀವು ಓಕೆ ಅಂದಿದ್ದೀರಿ.”

“ನಾನ್ಯಾವಾಗ ಅಂದೆ?”

ಅಮ್ಮ ಫೋನು ತೆಗೆದು ಅವರ ಮೂಗಿನ ಮುಂದೆ ಹಿಡಿದರು. ಅವರು ನೋಡಿದರು. ತಮ್ಮದೇ ಓಕೆ.

“ಇದು ಕೆಲಸದ ಮಧ್ಯೆ ಹಾಕಿದ್ದು. ನೋಡಿದೀನಿ ಅಂತ ಅಷ್ಟೇ ಇದರ ಅರ್ಥ,” ಎಂದರು ಅಪ್ಪ.

“ನೋಡೋಕೆ ಅದರಲ್ಲೇನಿದೆ ರೀ? ಕೇಳಬೇಕಾದ್ದು ಅದು.”

“ಅಷ್ಟುದ್ದ ಯಾರು ಕೇಳ್ತಾರೆ? ಎರಡು ಸಾಲು ಟೈಪ್ ಮಾಡೋಕೆ ನಿನಗೇನು ಕಷ್ಟ?”

ಅಮ್ಮ ಹತ್ತೂ ಬೆರಳನ್ನು ದೀಪದ ಕೆಳಗೆ ಚಾಚಿದರು. ಅಪ್ಪ ಒಮ್ಮೆ ನೋಡಿ ಗಡಿಯಾರದ ಕಡೆ ತಿರುಗಿದರು, ಆ ತಾಳ್ಮೆಯ ಗಡಿಯಾರದ ಕಡೆ.

“ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರ ಹತ್ರ ಅರ್ಧ ಗಂಟೆ ಮಾತಾಡ್ತೀರಿ,” ಎಂದರು ಅಮ್ಮ. “ಅವರ ಮಕ್ಕಳ ಹೆಸರು ಕೇಳ್ತೀರಿ, ನೆಂಟರ ಹೆಸರು ಕೇಳ್ತೀರಿ. ನಾನೂ ಇನ್ಮೇಲೆ ಅಲ್ಲಿಗೇ ಹೋಗಿ ಸಿಕ್ಕಿಹಾಕ್ಕೋಬೇಕಾ?”

“ಅದು ಕೆಲಸ. ಅವರು ಭಯ ಬಿದ್ದಿರ್ತಾರೆ.”

“ನಾನು ಬಿದ್ದಿಲ್ಲ ಅಂತ ನಿಮಗೆ ಹೇಗೆ ಗೊತ್ತು?”

ಊಟಕ್ಕೆ ತಟ್ಟೆ ಹಾಕಿದರು. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ಪಾರ್ಸಲ್ ತನ್ನ ತಟ್ಟೆ ಎತ್ತಿಕೊಂಡು ಕೋಣೆಯತ್ತ ಹೊರಟ. “ಕೂತ್ಕೋ,” ಎಂದರು ಅಮ್ಮ. ಅವನು ಕೂತ. ಆ ದನಿಯನ್ನು ಅವನು ಹಿಂದೆ ಕೇಳಿರಲಿಲ್ಲ, ಯಾವ ಸ್ಪೀಡಿನಲ್ಲೂ.

ಅಮ್ಮ ಬೇಳೆಯ ಪಾತ್ರೆಗೆ ಫೋನನ್ನು ಒರಗಿಸಿ ನಿಲ್ಲಿಸಿ, ಬುಧವಾರದ ಮಾತನ್ನು ಹಾಕಿದರು. ಇದ್ದ ವೇಗದಲ್ಲಿ.

ಮೊದಲು ಬಸ್ಸಿನ ಸದ್ದು. ಚಪ್ಪಲಿಯ ಸದ್ದು. ಆಮೇಲೆ ಏದುಸಿರಿನ ನಡುವೆ ಅಮ್ಮನ ದನಿ. ಎದುರಿಗೇ ಕೂತ ಅಮ್ಮ ಬಾಯಿ ಬಿಗಿದುಕೊಂಡು ಯಾರ ತಟ್ಟೆಗೆ ಏನು ಬೇಕೋ ನೋಡುತ್ತಿದ್ದರು, ಪಾತ್ರೆಗೆ ಒರಗಿದ ಅಮ್ಮ ಮಾತಾಡುತ್ತಿದ್ದರು.

“...ಡಾಕ್ಟ್ರು ಕೈ ನೋಡಿ ನಕ್ಕುಬಿಟ್ರು, ಪಾತ್ರೆ ಉಜ್ಜೋ ನಾರು ಬೇಡ ನಿಮಗೆ ಅಂತ. ನನಗೂ ನಗು ಬಂತು. ಆದ್ರೆ ಇಂಜೆಕ್ಷನ್ ಕೊಡುವಾಗ ಅತ್ತೆ ತೋಳು ಹಿಡಿದ್ರೆ ಅವರಿಗೆ ಗೀರತ್ತೆ. ಅವರು ಹೇಳಲ್ಲ, ಮುಖ ಕಿವುಚ್ತಾರೆ. ಇವರ ಶರ್ಟಿನ ಗುಂಡಿ ಬಿದ್ದು ಎಷ್ಟು ದಿನ ಆಯ್ತು, ಸೂಜಿಗೆ ದಾರ ಹಾಕೋಕೇ ಆಗ್ತಿಲ್ಲ ನನಗೆ...”

ಮಗಳು ಅನ್ನ ಕಲಸುವುದನ್ನು ನಿಲ್ಲಿಸಿದಳು. ಅಪ್ಪನ ಎಡಗೈ ತಾನಾಗಿ ಶರ್ಟಿನ ಮೂರನೇ ಗುಂಡಿಯ ಜಾಗಕ್ಕೆ ಹೋಯಿತು. ಅಲ್ಲಿ ಪಿನ್ನಿತ್ತು.

ಫೋನು ಹೇಳುತ್ತಲೇ ಇತ್ತು. ಮಗಳು ಅನ್ನಕ್ಕಿಡಬೇಕು, ಪಾರ್ಸಲ್ ಮೊಟ್ಟೆ ಬೇಯಿಸಬೇಕು, ಏಳಕ್ಕೆ ಅಪ್ಪ ಸೂಜಿ ಕೊಡಬೇಕು. ಕೊನೆಗೆ ಗೇಟಿನ ಕಾವಲಿನವನು ಯಾರನ್ನೋ ಗದರಿದ ಸದ್ದು, ಅದರ ಮೇಲೆ ಅವಸರದಲ್ಲಿ: “ನಿಮಗೆ ಯಾರಿಗಾದ್ರೂ ಬೇಡ ಅನ್ನಿಸಿದ್ರೆ ಶುಕ್ರವಾರದೊಳಗೆ ಹೇಳ್ಬಿಡಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.”

ಮುಗಿಯಿತು. ಇಷ್ಟಕ್ಕೆ ಎಲ್ಲರ ಕಣ್ಣು ತೆರೆಯಿತು ಎಂದು ಬರೆಯಬಹುದಿತ್ತು. ಆದರೆ ಅಪ್ಪ ಗಂಟಲು ಸರಿಮಾಡಿಕೊಂಡು, “ಸರಿ, ಕೇಳಿದ್ವಿ. ಈಗ ಹೇಳ್ತೀನಿ. ಬೇಡ,” ಎಂದರು. “ಹೇಳಿ ಅಂತ ನೀನೇ ಅಂದಿದ್ದೀಯ. ಬೇಜಾರು ಮಾಡ್ಕೊಳ್ಳಲ್ಲ ಅಂತಾನೂ ಅಂದಿದ್ದೀಯ.”

“ಶುಕ್ರವಾರದೊಳಗೆ ಅಂದಿದ್ದೆ.”

“ಅಮ್ಮನ ಸೂಜಿ ನನ್ನ ಕೈಲಾಗಲ್ಲ. ನಾನು ಏಳು ಗಂಟೆಗೆ ಯಾವ ಕಟ್ಟಡದಲ್ಲಿರ್ತೀನೋ. ಸೋಮವಾರ ಹೋಗಿ ಆಗಲ್ಲ ಅಂತ ಹೇಳಿ ಬಾ.”

“ಅಪ್ಪ ಹೇಳೋದೂ ಸರಿ ಇದೆ,” ಎಂದ ಪಾರ್ಸಲ್. “ಅಜ್ಜಿ ವಿಷಯದಲ್ಲಿ ರಿಸ್ಕ್ ಬೇಡ.”

“ಮುಚ್ಚೋ ಬಾಯಿ,” ಎಂದರು ಅಜ್ಜಿ.

ಎಲ್ಲರೂ ಮಂಚದ ಕಡೆ ತಿರುಗಿದರು. ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದರು. ಅಮ್ಮನಿಗೆ ಒಂದು ಕ್ಷಣ ಸಮಾಧಾನವಾಯಿತು, ಅಂತೂ ಒಬ್ಬರು ತನ್ನ ಪರವಾಗಿ ಇದ್ದಾರೆ ಎಂದು. ಆದರೆ ಅಜ್ಜಿ ನೋಡುತ್ತಿದ್ದದ್ದು ಸೊಸೆಯನ್ನೇ.

“ಯಾರ ತೋಳಿಗೆ ಚುಚ್ಚೋ ಸೂಜಿ ಅದು?”

“ನಿಮ್ಮದು, ಅತ್ತೆ.”

“ನನ್ನ ತೋಳಿನ ವಿಷಯ ಇವರು ಮೂರು ಜನಕ್ಕೂ ಹೇಳಿದ್ದೀಯ. ರಸ್ತೆಯಲ್ಲಿ ನಡ್ಕೊಂಡು ಹೇಳಿದ್ದೀಯ, ಬಸ್ಸಿಗೂ ಕೇಳಿಸಿದೆ, ಗೇಟಿನೋನಿಗೂ ಕೇಳಿಸಿದೆ. ನಾನು ನಿನ್ನ ಒಲೆ ಪಕ್ಕ ಕೂತಿರ್ತೀನಿ. ಬೆಳಿಗ್ಗೆ ನೀನು ಸೊಪ್ಪು ಬಿಡಿಸುವಾಗ ನಿನ್ನ ಮೊಣಕಾಲು ನನ್ನ ಮಂಚಕ್ಕೆ ತಾಗುತ್ತೆ. ನನಗೆ ಹೇಳಿದ್ಯಾ?”

ಅಮ್ಮ ಪಾತ್ರೆಗೆ ಒರಗಿಸಿದ್ದ ಫೋನನ್ನು ತೆಗೆದು ಮಗುಚಿಟ್ಟರು.

“ಇವರು ನಿನ್ನ ಮಾತು ಕೇಳಲಿಲ್ಲ ಅಂತ ಇಷ್ಟು ಕುಣಿದೆ, ಸರಿ, ಕುಣಿಯಬೇಕಾದ್ದೇ. ನನಗೆ ಆ ಮಾತನ್ನ ಹೇಳೋರೇ ಇರಲಿಲ್ಲವಲ್ಲ. ಆ ಡಬ್ಬಿಯೊಳಗೆ ಇಲ್ಲದೋಳು ಈ ಮನೆಯಲ್ಲೂ ಇಲ್ಲವಾ?”

“ತಪ್ಪಾಯ್ತು ಅತ್ತೆ,” ಎಂದರು ಅಮ್ಮ. ಅದರಲ್ಲಿ ನಾಟಕವಿರಲಿಲ್ಲ. “ಈಗ ಕೇಳ್ತೀನಿ. ನಾನು ಈ ಕೆಲಸಕ್ಕೆ ಹೋಗಲಾ?”

“ಹೋಗು. ನಿನ್ನ ಕೈ ನನಗೆ ಗೀರುತ್ತೆ, ಹೌದು. ಎಷ್ಟೋ ದಿನದಿಂದ ಗೀರುತ್ತೆ. ಸೂಜಿ ಹೇಗೆ ಹಿಡಿಯೋದು ಅಂತ ನಾಳೆ ತೋರಿಸು. ನಾನೇ ಚುಚ್ಕೊಳ್ತೀನಿ. ಇವನ ಕೈಗೆ ನನ್ನ ತೋಳು ಕೊಟ್ರೆ ನಟ್ಟು ತಿರುಗಿಸಿದ ಹಾಗೆ ತಿರುಗಿಸ್ತಾನೆ.”

“ಅಮ್ಮಾ, ನಿನಗೆ ಕಣ್ಣು ಕಾಣಲ್ಲ,” ಎಂದರು ಅಪ್ಪ.

“ನಿನ್ನ ಶರ್ಟಿನ ಪಿನ್ನು ಕಾಣ್ತಿದೆ. ಉಣ್ಣು.”

ಭಾನುವಾರ ಅತ್ತೆ ಸೊಸೆ ಮಂಚದ ಮೇಲೆ ಎದುರುಬದುರು ಕೂತರು. ಅಮ್ಮ ತೋರಿಸಿದರು, ಅಜ್ಜಿ ಬೈದುಕೊಂಡು ಕಲಿತರು. ತೋಳಿಗಿಂತ ಹೊಟ್ಟೆಗೆ ಚುಚ್ಚಿಕೊಳ್ಳುವುದು ಸುಲಭ ಎಂದು ತಿಳಿದಾಗ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಮತ್ತೊಂದು ಸುತ್ತು ಬೈದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ‘ಮನೆ’ ಗುಂಪಿನಿಂದ ತನ್ನ ಹೆಸರು ತೆಗೆಯಲು ಮಗಳಿಗೇ ಹೇಳಿದರು, ತನ್ನ ಬೆರಳಿಗೆ ಗುಂಡಿ ಸಿಗದಿದ್ದುದರಿಂದ.

“ಏನಾದ್ರೂ ಬೇಕಿದ್ರೆ ಹೇಗೆ ಹೇಳೋದು ನಿನಗೆ?” ಎಂದಳು ಮಗಳು.

“ಮಧ್ಯಾಹ್ನ ಎರಡೂವರೆಗೆ ಮನೆಗೆ ಬರ್ತೀನಿ. ಬಾಯಿ ಇದೆಯಲ್ಲ.”

ಸೋಮವಾರ ಅನ್ನ ತಳ ಹತ್ತಿತು. ಮಂಗಳವಾರ ಗಂಜಿಯಾಯಿತು. ಪಾರ್ಸಲ್ ಬೇಯಿಸಿದ ಮೊಟ್ಟೆ ಒಡೆದು ಪಾತ್ರೆಯೆಲ್ಲ ಬೆಳ್ಳಗಾಯಿತು. ಅದನ್ನು ತೊಳೆಯುವುದು ಯಾರು ಎಂದು ಅಣ್ಣ ತಂಗಿ ಕಿತ್ತಾಡಿಕೊಂಡು ಒಬ್ಬರಿಗೊಬ್ಬರು ಮೆಸೇಜು ಮಾಡದೆ ನೇರವಾಗಿಯೇ ಬೈದುಕೊಂಡರು. ಅಪ್ಪ ಎರಡು ದಿನ ಹೊರಗೆ ತಿಂದು, ಮೂರನೆಯ ದಿನ ಹೊಟ್ಟೆ ಕೆಡಿಸಿಕೊಂಡರು. ಅಮ್ಮ ಬಂದು ನೋಡಿ ಏನೂ ಅನ್ನಲಿಲ್ಲ, ಏನೂ ಮಾಡಲೂ ಇಲ್ಲ. ಸಂಜೆಯ ಅಡುಗೆ ತನ್ನದು, ಬೆಳಗಿನದು ತನ್ನದಲ್ಲ. ತಳ ಹತ್ತಿದ ಪಾತ್ರೆ ಅವರು ಬಂದಾಗ ಹೇಗಿತ್ತೋ ಹಾಗೇ ಮಲಗುವ ಹೊತ್ತಿಗೂ ಇರುತ್ತಿತ್ತು.

“ಎಷ್ಟು ಹಟ ನಿನಗೆ,” ಎಂದರು ಅಪ್ಪ ಒಂದು ದಿನ.

“ಹೂಂ,” ಎಂದರು ಅಮ್ಮ.

ಮೂರನೇ ವಾರಕ್ಕೆ ಮಗಳ ಅನ್ನ ಉದುರುದುರಾಯಿತು. ಅಜ್ಜಿ ಬೆಳಿಗ್ಗೆ ಏಳಕ್ಕೆ ಯಾರನ್ನೂ ಕಾಯದೆ ಸೂಜಿ ಮುಗಿಸಿ, ಪೆಟ್ಟಿಗೆಗೆ ಹಾಕಿ, ಕೈ ಒರೆಸಿಕೊಳ್ಳುತ್ತಿದ್ದರು. ಅಪ್ಪ ಮಾತ್ರ ಬಗ್ಗಲಿಲ್ಲ. ಬೆಳಿಗ್ಗೆ ಚಹಾ ತಾನೇ ಮಾಡಿಕೊಳ್ಳಬೇಕಾಗಿ ಬಂದದ್ದು ಅವರಿಗೆ ಅವಮಾನವಾಗಿತ್ತು. ಎದುರಿಗೆ ಜಗಳವಾಡಿದರೆ ತಾಯಿ ನಡುವೆ ಬಾಯಿ ಹಾಕುತ್ತಿದ್ದುದರಿಂದ, ಕೊನೆಗೆ ಅವರೂ ಅದೇ ದಾರಿ ಹಿಡಿದರು. ಮೈಕಿನ ಗುಂಡಿ ಒತ್ತಿ ಹಿಡಿದು ಹೆಂಡತಿಗೆ ಉದ್ದಕ್ಕೆ ಮಾತಾಡಿ ಕಳಿಸಿದರು.

ಅಮ್ಮ ಆಗ ಬಟ್ಟೆ ಎಣಿಸುವ ಕೋಣೆಯಲ್ಲಿ, ತನ್ನ ಮೇಜಿನ ಹಿಂದೆ ಇದ್ದರು. ಇಲ್ಲಿ ಗದ್ದಲವಿಲ್ಲ. ಇಸ್ತ್ರಿಯಾದ ಬಿಳಿ ಚಾದರಗಳ ಅಟ್ಟಿ ಎರಡೂ ಕಡೆ. ಬೆರಳುಗಳ ಬಿರುಕು ಮುಚ್ಚಿ, ತುದಿಯಲ್ಲಿ ತೆಳ್ಳಗೆ ಗುಲಾಬಿ ಬಣ್ಣದ ಚರ್ಮ ಬರುತ್ತಿತ್ತು. ಕಳೆದ ಭಾನುವಾರ ಆ ಬೆರಳಿನಿಂದ ಅಪ್ಪನ ಶರ್ಟಿಗೆ ಗುಂಡಿಯನ್ನೂ ಹೊಲಿದಿದ್ದರು. ಅಪ್ಪ ಅದನ್ನು ತೊಟ್ಟುಕೊಂಡು ಹೋಗಿದ್ದರು.

ವಾರ್ಡಿನ ಗಾಡಿ ಹೋದ ಮೇಲೆ ಆಕೆ ಫೋನು ಕಿವಿಗಿಟ್ಟುಕೊಂಡು ಗಂಡನ ಮಾತು ಕೇಳಿದರು. ಇದ್ದ ವೇಗದಲ್ಲಿ, ಪೂರ್ತಿ.

ಅಪ್ಪನ ದನಿ ಲಿಫ್ಟಿನವರ ಜೊತೆ ಮಾತಾಡುವ ದನಿಯಾಗಿತ್ತು, ಅಷ್ಟು ನಯ. ಇವಳೇ, ಸಿಟ್ಟು ಬಿಡು ಎಂದಿತು. ಮನೆ ಮನೆಯಾಗಿ ಉಳಿದಿಲ್ಲ ಎಂದಿತು. ಮಕ್ಕಳು ಸೊರಗಿದ್ದಾರೆ, ನನಗೇನೂ ಬೇಡ, ಹಳೇ ಪಾಳಿಗೇ ಹಾಕಿ ಅಂತ ಕೇಳಿ ನೋಡು, ಕೊಟ್ಟೇ ಕೊಡ್ತಾರೆ ಎಂದಿತು. “ಮುಖ್ಯ ಅಮ್ಮನದ್ದು. ಪಾಪ, ಬಾಯಿಬಿಟ್ಟು ಹೇಳಲ್ಲ. ಸೂಜಿ ಹಿಡಿದು ಒದ್ದಾಡ್ತಾಳೆ. ನೋಡೋಕಾಗಲ್ಲ ನನಗೆ. ಅವಳ ಮುಖ ನೋಡಿಯಾದ್ರೂ...”

ಅಲ್ಲಿಗೆ ಅಪ್ಪನ ಮಾತು ಮುಗಿದಿತ್ತು. ಆದರೆ ಬೆರಳು ತೆಗೆಯುವುದು ತಡವಾಗಿತ್ತು. ದೂರದಿಂದ, ಮಂಚದ ಕಡೆಯಿಂದ, ಮತ್ತೊಂದು ದನಿ ಬಂತು.

“ನನ್ನ ಹೆಸರು ಹೇಳಿ ಯಾರಿಗೋ ಸುಳ್ಳು ಬಿಡ್ತಿದ್ದೀಯಲ್ಲೋ. ನನ್ನ ಸೂಜಿ ಆಗಲೇ ಆಯ್ತು. ನೀನು ಚಹಾದ ಪಾತ್ರೆ ತೊಳಿ.”

ಅಮ್ಮ ಕೊನೆಯದನ್ನು ಇನ್ನೊಂದು ಸಲ ಕೇಳಿದರು. ಫೋನನ್ನು ಮೇಜಿನ ಮೇಲಿಟ್ಟುಕೊಂಡು, ಬಲಗೈ ತೋರುಬೆರಳನ್ನು ಸೆರಗಿಗೆ ಒರೆಸಿಕೊಂಡು, ಗಾಜಿನ ಮೇಲೆ ಒಂದೊಂದೇ ಅಕ್ಷರ ಒತ್ತಿದರು. ಎಷ್ಟೋ ವರ್ಷಗಳ ಮೇಲೆ ಗಾಜು ಆಕೆಯ ಬೆರಳನ್ನು ಒಂದೇ ಸಲಕ್ಕೆ ಗುರುತಿಸಿತು.

‘ಇಲ್ಲ’ ಎಂದು ಬಿತ್ತು. ಕಳಿಸಿದರು.